ಕೊಳಗದ ಲೆಕ್ಕ ಮಕ್ಕಳಿಗೂ ತಿಳಿದಿರಲಿ
(ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಮಳೆಯಲ್ಲಿ, ಕೊಟ್ಟಿಗೆ ಕೆಲಸ ಮುಗಿಸಿ, ಬಸ್ಸು ಹಿಡಿದು ಇಷ್ಟು ಜನ ಬಂದಿದ್ದೀರಿ. ತುಮರಿ ಕಡೆಯವರು ಈ ಸಲ ಲಾಂಚಿಗೆ ಕಾಯದೆ ಸೇತುವೆ ಮೇಲೆ ಬಂದೆವು ಅಂತ ಖುಷಿಯಿಂದ ಹೇಳಿದ್ರಿ. 2025ರ ಜುಲೈಯಲ್ಲಿ ಆ ಸೇತುವೆ ಉದ್ಘಾಟನೆಯಾದ ಮೇಲೆ ಆ ಭಾಗದ ಮಕ್ಕಳಿಗೂ ಸಾಗರದ ಕಾಲೇಜು ಹತ್ತಿರವಾಗಿದೆ. ಅದಕ್ಕೂ ಮುಂಚೆ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ನೆಂಟರ ಮನೆಯಲ್ಲಿ ಉಳಿಯಬೇಕಾದ ಹುಡುಗಿಯರನ್ನು ನಾವು ಕಂಡಿದ್ದೇವೆ.

ಹೋದ ಸಭೆಯಲ್ಲಿ ನಿಮ್ಮಲ್ಲಿ ಒಬ್ಬರು ನಮ್ಮನ್ನು ಕೇಳಿದ್ರು: "ಸಿಸ್ಟರ್, ನೀವು ಕಾಲೇಜಿಗೆ ಹೋಗಿ ನಮ್ಮ ಮಕ್ಕಳಿಗೆ ಹಣಕಾಸು, ಜೀವನ ಕೌಶಲ ಅಂತ ಏನೋ ಪಾಠ ಮಾಡ್ತೀರಂತೆ. ಅದೇನು ಅಂತ ನಮಗೂ ಹೇಳಿ. ಅವರು ಮನೆಗೆ ಬಂದು ಏನೂ ಹೇಳೋದಿಲ್ಲ." ನ್ಯಾಯವಾದ ಮಾತು. ಆದ್ದರಿಂದ ಇವತ್ತು ಅದನ್ನೇ ಹೇಳುತ್ತೇವೆ. ನಾವು ಮಾಡಿದ ತಪ್ಪನ್ನೂ ಸೇರಿಸಿ ಹೇಳುತ್ತೇವೆ.

ನಾವು ಮೊದಮೊದಲು ಹೋದಾಗ ಚಾರ್ಟು ಹಿಡಿದುಕೊಂಡು ಹೋಗುತ್ತಿದ್ದೆವು. ಒಂದು ಚಾರ್ಟಿನಲ್ಲಿ ಮಣ್ಣಿನ ಹುಂಡಿ, ಇನ್ನೊಂದರಲ್ಲಿ ಆದಾಯ, ಖರ್ಚು, ಉಳಿತಾಯ. ಹನಿ ಹನಿ ಕೂಡಿದರೆ ಹಳ್ಳ ಅಂತ ಶುರು ಮಾಡುತ್ತಿದ್ದೆವು. ಮಕ್ಕಳು ಪಾಪ, ಮರ್ಯಾದೆಗೆ ಕೂತಿರುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಮೊಬೈಲು ಬೆಳಗುತ್ತಿತ್ತು. ಕೊನೆಯಲ್ಲಿ ಒಂದು ಹಾಡು, ವಂದನಾರ್ಪಣೆ, ಚಹಾ. ವರದಿಯಲ್ಲಿ "ಅರಿವು ಕಾರ್ಯಕ್ರಮ ಯಶಸ್ವಿಯಾಯಿತು" ಎಂದು ಬರೆದೆವು.

ಒಂದು ದಿನ ನಾವು ಚಾರ್ಟನ್ನು ಬದಿಗಿಟ್ಟು ಕೇಳಿದೆವು: "ನಿಮ್ಮಲ್ಲಿ ಎಷ್ಟು ಜನರ ತಾಯಂದಿರು ಸಂಘದಲ್ಲಿದ್ದಾರೆ?" ತರಗತಿಯ ಮುಕ್ಕಾಲು ಪಾಲು ಕೈ ಮೇಲೆ ಬಂತು. "ನಿಮ್ಮ ಅಮ್ಮನ ಉಳಿತಾಯ ಎಷ್ಟಿದೆ, ಸಾಲ ಎಷ್ಟಿದೆ, ಯಾವುದಕ್ಕೆ ತೆಗೆದದ್ದು, ಗೊತ್ತಿದ್ದವರು ಕೈ ಎತ್ತಿ" ಅಂದೆವು. ಐದೋ ಆರೋ ಕೈ ಉಳಿಯಿತು. ಒಬ್ಬಳು ಹುಡುಗಿ ಎದ್ದು ನಿಂತು, "ಸಿಸ್ಟರ್, ಕೇಳಿದ್ರೆ ನಿನಗ್ಯಾಕೆ, ನೀನು ಓದು ಅಂತಾರೆ" ಅಂದಳು. ಇಡೀ ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಯಾಕೆಂದರೆ ಸಂಘದ ಸಭೆಗಳಲ್ಲಿ ನೀವು ಇದೇ ಮಾತನ್ನು ಹೆಮ್ಮೆಯಿಂದ ಹೇಳೋದನ್ನು ನಾವು ಕೇಳಿದ್ದೇವೆ: "ಮಕ್ಕಳಿಗೆ ಕಷ್ಟ ಗೊತ್ತಾಗದ ಹಾಗೆ ಓದಿಸ್ತಾ ಇದ್ದೇವೆ."

ಅದು ಪ್ರೀತಿಯಿಂದ ಹೇಳುವ ಮಾತು, ಒಪ್ಪುತ್ತೇವೆ. ಆದರೆ ಯೋಚನೆ ಮಾಡಿ. ಇಪ್ಪತ್ತು ವರ್ಷದ ಮಗಳು ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ದೇಶದ ಹಣದುಬ್ಬರದ ಬಗ್ಗೆ ನಾಲ್ಕು ಪುಟ ಬರೀತಾಳೆ. ಮನೆಯ ಸಾಲದ ಕಂತು ಯಾವ ವಾರ ಅಂತ ಅವಳಿಗೆ ಗೊತ್ತಾಗುವುದು ವಸೂಲಿಯವರು ಅಂಗಳದಲ್ಲಿ ಬೈಕು ನಿಲ್ಲಿಸಿದ ದಿನ. ಹೀಗೆ ಗೊತ್ತಾದ ಹುಡುಗಿಯೊಬ್ಬಳು ತೀರ್ಥಹಳ್ಳಿ ಕಡೆ ಇದ್ದಾಳೆ. ತನ್ನ ಹಾಸ್ಟೆಲ್ ಶುಲ್ಕಕ್ಕೆ ಅಮ್ಮ ಎರಡು ಕಡೆ ಸಾಲ ಮಾಡಿದ್ದು ಅವಳಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಹಾಸ್ಟೆಲ್ ಬಿಟ್ಟು ಊರಿಂದಲೇ ಓಡಾಡುತ್ತಿದ್ದೆ, 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಲ್ಲ ಅಂದಳು. (ನಮ್ಮ ಮಲೆನಾಡಿನಲ್ಲಿ ಓಡುವುದು ಹೆಚ್ಚಿಗೆ ಖಾಸಗಿ ಬಸ್ಸು, ಆ ಮಾತು ಬೇರೆ.) ಅವಳು ಅಳುತ್ತಾ ಹೇಳಿದ್ದು ಸಾಲದ ಬಗ್ಗೆ ಅಲ್ಲ, "ನನ್ನನ್ನು ಒಂದು ಮಾತು ಕೇಳಲಿಲ್ಲ" ಅಂತ.

ಇನ್ನು ಕೊಳಗದ ವಿಷಯಕ್ಕೆ ಬರುತ್ತೇವೆ. ಸಾಗರ ತಾಲ್ಲೂಕಿನ ಕಾಗೋಡು ನಿಮಗೆಲ್ಲ ಗೊತ್ತು. 1951ರಲ್ಲಿ ಅಲ್ಲಿ ರೈತ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ದೆಹಲಿ ಕಡೆಯಿಂದ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಶಾಸಕರಾದರು, ಆಮೇಲೆ ತೀರ್ಥಹಳ್ಳಿಯಿಂದಲೂ ಆದರು. ಹಾಗಾಗಿ ನಮ್ಮ ಮೂರೂ ತಾಲ್ಲೂಕಿನವರಿಗೆ ಇದು ಮನೆಯ ಕಥೆಯೇ. ಈಗ ಮಕ್ಕಳನ್ನು ಕೇಳಿ, ಸತ್ಯಾಗ್ರಹ ಯಾಕಾಯಿತು ಅಂತ. "ಉಳುವವನೇ ಹೊಲದೊಡೆಯ" ಅಂತ ಹೇಳ್ತಾರೆ. ಸರಿ. ಆದರೆ ಜಗಳ ಹತ್ತಿಕೊಂಡದ್ದು ಒಂದು ಅಳತೆಯ ಪಾತ್ರೆಯಿಂದ. ಗೇಣಿ ಭತ್ತ ಅಳೆದು ಕೊಡುವಾಗ ಒಡೆಯರ ಮನೆಯ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದಾಗಿತ್ತು. ಲೆಕ್ಕ ಕೇಳಿದರೆ "ಇಷ್ಟು ಕೊಳಗ" ಅಂತ ಸರಿಯಾಗಿಯೇ ಇರುತ್ತಿತ್ತು. ಮೋಸವೆಲ್ಲ ಕೊಳಗದ ಹೊಟ್ಟೆಯೊಳಗೆ ಇತ್ತು. ಶಾಲೆಗೆ ಹೋಗದ ಗೇಣಿದಾರರು ಅದನ್ನು ಕಂಡುಹಿಡಿದು ಪ್ರಶ್ನೆ ಮಾಡಿದರು.

ಈಗ ನಾವು ಕಾಲೇಜಿನಲ್ಲಿ ಇದೇ ಕಥೆಯಿಂದ ಪಾಠ ಶುರು ಮಾಡುತ್ತೇವೆ. ಆಮೇಲೆ ಬೋರ್ಡಿನ ಮೇಲೆ ಎರಡು ಸಾಲ ಬರೆಯುತ್ತೇವೆ. ಎರಡೂ ಹತ್ತು ಸಾವಿರ ರೂಪಾಯಿ, ಎರಡಕ್ಕೂ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಎರಡೂ ಹತ್ತು ತಿಂಗಳ ಕಂತು, ತಿಂಗಳಿಗೆ ಸಾವಿರದಂತೆ ಅಸಲು. "ಎರಡೂ ಒಂದೇ ತಾನೇ?" ಅಂತ ಕೇಳುತ್ತೇವೆ. ಬಿ.ಕಾಂ. ಮಕ್ಕಳೂ ಹೌದು ಅಂತಾರೆ.

ನೀವೂ ಲೆಕ್ಕ ಹಾಕಿ. ಮೊದಲನೆಯ ಕಡೆ, ನಮ್ಮ ಸಂಘದಲ್ಲಿ ಮಾಡುವ ಹಾಗೆ, ಉಳಿದ ಸಾಲಕ್ಕೆ ಮಾತ್ರ ಬಡ್ಡಿ. ಮೊದಲ ತಿಂಗಳು ಹತ್ತು ಸಾವಿರಕ್ಕೆ 200, ಎರಡನೇ ತಿಂಗಳು ಒಂಬತ್ತು ಸಾವಿರಕ್ಕೆ 180, ಹೀಗೆ ಇಳಿಯುತ್ತಾ ಕೊನೇ ತಿಂಗಳು ಸಾವಿರಕ್ಕೆ 20. ಒಟ್ಟು ಬಡ್ಡಿ 1,100 ರೂಪಾಯಿ. ಎರಡನೆಯ ಕಡೆ, ನೀವು ಎಷ್ಟೇ ತೀರಿಸಿರಿ, ಕೊನೆಯವರೆಗೂ ಹತ್ತು ಸಾವಿರಕ್ಕೇ ಬಡ್ಡಿ. ತಿಂಗಳಿಗೆ 200ರಂತೆ ಹತ್ತು ತಿಂಗಳಿಗೆ 2,000. ಬಾಯಲ್ಲಿ ಹೇಳಿದ್ದು ಎರಡೂ ಕಡೆ "ನೂರಕ್ಕೆ ಎರಡು". ನಿಜದಲ್ಲಿ ಎರಡನೆಯದು ನೂರಕ್ಕೆ ಸುಮಾರು ಮೂರೂವರೆ ರೂಪಾಯಿ ಬೀಳುತ್ತದೆ. ಇದೇ ಇವತ್ತಿನ ದೊಡ್ಡ ಕೊಳಗ. ಬೈಕಿನ ಸಾಲ, ಮೊಬೈಲಿನ ಕಂತು, ಫ್ರಿಜ್ಜಿನ ಕಂತು, ಎಲ್ಲ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: "ಉಳಿದ ಸಾಲಕ್ಕೆ ಬಡ್ಡಿಯೋ, ಪೂರ್ತಿ ಸಾಲಕ್ಕೆ ಬಡ್ಡಿಯೋ?" ಜೊತೆಗೆ, "ಕೈಗೆ ಬರೋದೆಷ್ಟು, ಒಟ್ಟು ಕಟ್ಟೋದೆಷ್ಟು, ಬರೆದು ಕೊಡಿ" ಅನ್ನಬೇಕು. ಬರೆದು ಕೊಡಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಒಂದು ತಮಾಷೆ ಹೇಳುತ್ತೇವೆ. ಹೊಸನಗರ ಕಡೆಯ ಒಬ್ಬ ಹುಡುಗ ಈ ಲೆಕ್ಕವನ್ನು ಮನೆಗೆ ತೆಗೆದುಕೊಂಡು ಹೋಗಿ ಅಮ್ಮನ ಹತ್ತಿರ ಕೇಳಿದನಂತೆ. ಏಳನೇ ತರಗತಿಗೆ ಶಾಲೆ ಬಿಟ್ಟ ಆ ತಾಯಿ ಬೆರಳಿನಲ್ಲೇ ಎಣಿಸಿ "ಸಾವಿರದ ನೂರು" ಅಂದರಂತೆ. ಹದಿನಾಲ್ಕು ವರ್ಷ ಸಂಘದ ಪುಸ್ತಕ ಬರೆದವರು ಅವರು! "ನಮ್ಮಮ್ಮನಿಗೆ ಇಷ್ಟು ಗೊತ್ತು ಅಂತ ನನಗೆ ಗೊತ್ತೇ ಇರಲಿಲ್ಲ" ಅಂತ ಆ ಹುಡುಗ ಬಂದು ನಮಗೆ ಹೇಳಿದ. ಅವತ್ತು ನಮಗೆ ಹೊಳೆದದ್ದು ಏನೆಂದರೆ, ಈ ಪಾಠಕ್ಕೆ ನಮಗಿಂತ ಒಳ್ಳೆಯ ಮೇಷ್ಟ್ರು ಮನೆಯಲ್ಲೇ ಇದ್ದಾರೆ. 1980ರ ದಶಕದಲ್ಲಿ ನಮ್ಮ ಕರ್ನಾಟಕದಲ್ಲೇ ಮೈರಾಡ ಸಂಸ್ಥೆಯ ಮೂಲಕ ಇಂತಹ ಸಣ್ಣ ಗುಂಪುಗಳು ಬೆಳೆದವು, 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಅಷ್ಟು ವರ್ಷದಿಂದ ಹೆಂಗಸರು ಕಲಿತ ವಿದ್ಯೆ ಇದು. ಅದು ಟ್ರಂಕಿನೊಳಗೆ ಪುಸ್ತಕದ ಜೊತೆ ಕೂತಿದೆ.

ಈಗ ಸ್ವಲ್ಪ ಕಹಿ ವಿಷಯ.

ಬಿ.ಕಾಂ. ಎರಡನೇ ವರ್ಷದ ಒಬ್ಬ ಹುಡುಗ ಮೊಬೈಲಿನ ಸಾಲದ ಆ್ಯಪ್ ಒಂದರಲ್ಲಿ ಐದು ಸಾವಿರ ಸಾಲ ಕೇಳಿದ. ಖಾತೆಗೆ ಬಂದದ್ದು ಮೂರೂವರೆ ಸಾವಿರ. ಉಳಿದದ್ದು ಶುಲ್ಕ ಅಂತ ಹಿಡಿದುಕೊಂಡರು. ಏಳು ದಿನಕ್ಕೆ ಪೂರ್ತಿ ಐದು ಸಾವಿರ ಕಟ್ಟಬೇಕಿತ್ತು. ಅಂದರೆ ಮೂರೂವರೆ ಸಾವಿರಕ್ಕೆ ಒಂದು ವಾರಕ್ಕೆ ಒಂದೂವರೆ ಸಾವಿರ ಬಡ್ಡಿ. ಯಾವ ಮೀಟರ್ ಬಡ್ಡಿಯವರೂ ನಾಚಬೇಕು. ಅದನ್ನು ತೀರಿಸಲು ಇನ್ನೊಂದು ಆ್ಯಪ್, ಅದನ್ನು ತೀರಿಸಲು ಮತ್ತೊಂದು. ಆರು ವಾರದಲ್ಲಿ ಐದು ಕಡೆ ಸಾಲ. ಆ್ಯಪ್ ಹಾಕಿಕೊಳ್ಳುವಾಗ ಫೋನಿನಲ್ಲಿದ್ದ ಎಲ್ಲ ನಂಬರುಗಳನ್ನು ನೋಡಲು ಅನುಮತಿ ಕೊಟ್ಟುಬಿಟ್ಟಿದ್ದ. ಕಟ್ಟುವುದು ತಡವಾದಾಗ ಅವನ ಫೋಟೋ ಹಾಕಿ "ಕಳ್ಳ" ಎಂದು ಬರೆದು ಎಲ್ಲರಿಗೂ ಕಳಿಸಿದರು. ತಾಯಿಗೆ ವಿಷಯ ಗೊತ್ತಾದದ್ದು ಹೇಗೆ ಅಂದ್ರೆ, ಸಂಘದ ಪ್ರತಿನಿಧಿಯ ಫೋನಿಗೆ ಆ ಚಿತ್ರ ಬಂತು.

ಆ ಸಂಘದವರು ಮಾಡಿದ್ದನ್ನು ನಾವು ಇಲ್ಲಿ ಹೇಳಲೇಬೇಕು. ಕೆಲವರು ಮೊದಲು ಮಾನ ಹೋಯ್ತು ಅಂದರು. ತಾಯಿ ಕಿವಿಯ ಓಲೆ ಬಿಚ್ಚಿ ಇಟ್ಟು "ಅಡ ಇಟ್ಟು ಬನ್ನಿ" ಅಂದರು. ಹಿರಿಯ ಸದಸ್ಯೆ ಒಬ್ಬರು "ಮೊದಲು ಲೆಕ್ಕ ನೋಡುವ" ಅಂದರು. ಹುಡುಗನನ್ನು ಕೂರಿಸಿ, ಎಷ್ಟು ಕೈಗೆ ಬಂತು, ಎಷ್ಟು ಕಟ್ಟಿದ್ದಾನೆ ಅಂತ ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರು. ಬಂದದ್ದಕ್ಕಿಂತ ಹೆಚ್ಚು ಅವನು ಆಗಲೇ ಕಟ್ಟಿದ್ದ! ಓಲೆ ವಾಪಸ್ ಕಿವಿಗೆ ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿದರು, ಬೆದರಿಕೆಯ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ ಬರೆದು ಕೊಟ್ಟರು, ಊರಿನವರಿಗೆ ತಾವೇ ಮುಂಚಿತವಾಗಿ "ಹೀಗೆ ಫೋಟೋ ಬಂದರೆ ನಂಬಬೇಡಿ, ನಮ್ಮ ಹುಡುಗ ಮೋಸಹೋಗಿದ್ದಾನೆ" ಅಂತ ಹೇಳಿದರು. ಎರಡು ವಾರ ಕಾಟ ಇತ್ತು. ಆಮೇಲೆ ನಿಂತಿತು. ಹುಡುಗ ಈಗ ಅಂತಿಮ ವರ್ಷದಲ್ಲಿದ್ದಾನೆ.

ನಿಮಗೆ ಗೊತ್ತಿರಲಿ: ಸಾಲದ ಆ್ಯಪ್ ಎಲ್ಲವೂ ಕಳ್ಳ ಆ್ಯಪ್ ಅಲ್ಲ. ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆ ಹಿಂದೆ ಇದ್ದರೆ ಅದರ ಹೆಸರು ಹೇಳಲೇಬೇಕು. ಅಂತಹ ಆ್ಯಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2025ರಿಂದ ತನ್ನ ಜಾಲತಾಣದಲ್ಲಿ ಹಾಕಿದೆ. ಪಟ್ಟಿಯಲ್ಲಿದ್ದರೆ ಒಳ್ಳೆಯದು ಅಂತ ಅರ್ಥ ಅಲ್ಲ, ಇಲ್ಲದಿದ್ದರೆ ಮುಟ್ಟಬೇಡಿ ಅಂತ ಅರ್ಥ. ಹಾಗೆಯೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿತು. ಗಂಡುಮಕ್ಕಳ ಸಾಲದ ಬುಡ ಹುಡುಕಿದರೆ ಅನೇಕ ಸಲ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಇಲ್ಲಿ ಒಂದು ಮಾತು ಹೇಳಬೇಕು, ಬೇಸರ ಮಾಡ್ಕೋಬೇಡಿ. ಮಗಳು ನೂರು ರೂಪಾಯಿ ಕೇಳಿದರೆ ಹತ್ತು ಪ್ರಶ್ನೆ ಕೇಳ್ತೀರಿ. ಮಗ ಐನೂರು ಕೇಳಿದರೆ "ಗಂಡು ಹುಡುಗ, ಖರ್ಚಿರುತ್ತೆ" ಅಂತ ಕೊಡ್ತೀರಿ. ನಮ್ಮ ಅನುಭವದಲ್ಲಿ ಲೆಕ್ಕ ಬರೆಯುವ ಅಭ್ಯಾಸ ಹೆಚ್ಚು ಬೇಕಾಗಿರುವುದು ಗಂಡುಮಕ್ಕಳಿಗೆ.

ಇನ್ನೊಂದು ಘಟನೆ ನಮ್ಮನ್ನೇ ತಟ್ಟಿದ್ದು. ಇದನ್ನು ಆ ಹುಡುಗಿಯ ಒಪ್ಪಿಗೆ ಪಡೆದು ಹೇಳುತ್ತಿದ್ದೇವೆ. ಊರು, ಹೆಸರು ಬೇಡ.

ಅವಳು ಸಾಗರದ ಕಡೆಯವಳು, ಬಿ.ಎ. ಕೊನೆಯ ವರ್ಷ. ತಾಯಿ ಕೂಲಿ ಕೆಲಸ ಮಾಡಿ, ಸಂಘದಲ್ಲಿ ವಾರದ ಉಳಿತಾಯ ತಪ್ಪಿಸದವರು. ಹುಡುಗಿ ಚುರುಕು. ಅಡಿಕೆ ಕೊಯ್ಲಿನ ಕಾಲದಲ್ಲಿ ಕಾಲೇಜಿಂದ ಬಂದ ಮೇಲೆ ಅಮ್ಮನ ಜೊತೆ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು, ಡಬ್ಬದ ಲೆಕ್ಕದಲ್ಲಿ ಬಂದ ಹಣವನ್ನು ತನ್ನ ಖಾತೆಗೆ ಹಾಕುತ್ತಿದ್ದಳು. ನಮ್ಮ ಶಿಬಿರದಲ್ಲಿ ಆರು ತಿಂಗಳ ಖರ್ಚು-ವೆಚ್ಚದ ಪುಸ್ತಕವನ್ನು ಒಂದು ದಿನವೂ ಬಿಡದೆ ಬರೆದಿದ್ದಳು. ನಾವೇ ಅವಳಿಗೆ ಬಹುಮಾನ ಕೊಟ್ಟೆವು. ಒಂದು ಸ್ಟೀಲಿನ ಡಬ್ಬಿ.

ಮುಂದಿನ ವರ್ಷ ಪರಿಚಯದ ಒಬ್ಬ ವ್ಯಕ್ತಿ ಅವಳ ಹತ್ತಿರ ಬಂದು, "ನಿನ್ನ ಖಾತೆಯ ಎ.ಟಿ.ಎಂ. ಕಾರ್ಡು, ಸಿಮ್ಮು ಸ್ವಲ್ಪ ದಿನ ಕೊಡು. ನಮ್ಮ ಕಂಪನಿಯ ಹಣ ಬರ್ತದೆ, ತೆಗೆದುಕೊಳ್ತೇವೆ. ನಿನಗೆ ತಿಂಗಳಿಗೆ ಎರಡು ಸಾವಿರ" ಅಂದ. ಅವಳ ಸ್ನೇಹಿತೆಯರು ಇಬ್ಬರು ಆಗಲೇ ಕೊಟ್ಟಿದ್ದರು. ಅವಳಿಗೆ ಮನಸ್ಸಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿತ್ತಂತೆ. ಆದರೆ ಆತ ಹಿರಿಯ, ಪರಿಚಯದವನು. ಬೇಡ ಅಂದರೆ ಏನೆಂದುಕೊಳ್ಳುತ್ತಾನೋ ಅಂತ ಕೊಟ್ಟಳು. ಎರಡು ತಿಂಗಳಲ್ಲಿ ಆ ಖಾತೆಯಲ್ಲಿ ಲಕ್ಷಗಟ್ಟಲೆ ಹಣ ಬಂದು ಹೋಯಿತು. ಬೇರೆ ರಾಜ್ಯದಲ್ಲಿ ಯಾರೋ ವಯಸ್ಸಾದವರಿಂದ ಮೋಸಮಾಡಿ ಕಿತ್ತ ಹಣ ಅದು. ಅಲ್ಲಿಯ ಪೊಲೀಸರ ಸೂಚನೆಯಂತೆ ಖಾತೆ ಸ್ಥಗಿತವಾಯಿತು. ಅಡಿಕೆ ಸುಲಿದ ಹಣವೂ ಅದರಲ್ಲೇ, ವಿದ್ಯಾರ್ಥಿವೇತನವೂ ಅದಕ್ಕೇ ಬರುವುದು. ಎರಡು ಸಾವಿರ ಬಂದದ್ದು ಒಂದೇ ಒಂದು ಸಲ.

ಅವಳು ಮನೆಯಲ್ಲಿ ಹೇಳಲಿಲ್ಲ. ಪರೀಕ್ಷಾ ಶುಲ್ಕ ಕಟ್ಟುವ ದಿನ ಹತ್ತಿರ ಬಂತು. ಆ ವಾರ ನಾವು ಕಾಲೇಜಿಗೆ ಹೋಗಿ ಮೊದಲ ಬಾರಿಗೆ ಖಾತೆ ಬಾಡಿಗೆ ಕೊಡುವುದರ ಬಗ್ಗೆ ಮಾತಾಡಿದೆವು. ಎಲ್ಲರೂ ಹೋದ ಮೇಲೆ ಅವಳೊಬ್ಬಳು ಬೆಂಚಿನಲ್ಲಿ ಕೂತೇ ಇದ್ದಳು.

ಸಹೋದರಿಯರೇ, ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಇಟ್ಟುಕೊಂಡು, ಇಷ್ಟು ವರ್ಷ ಈ ಕೆಲಸ ಮಾಡಿದವರು ನಾವು. ಅವಳಿಗೆ ಉಳಿಸುವುದನ್ನು ಕಲಿಸಿದೆವು, ಲೆಕ್ಕ ಬರೆಯುವುದನ್ನು ಕಲಿಸಿದೆವು. ಪರಿಚಯದ ಹಿರಿಯರಿಗೆ ಮುಖ ನೋಡಿ "ಆಗೋದಿಲ್ಲ" ಅಂತ ಹೇಳುವುದನ್ನು ಕಲಿಸಲಿಲ್ಲ. ತಪ್ಪಾದ ಮೇಲೆ ಮೊದಲ ದಿನವೇ ಯಾರಿಗೆ ಹೇಳಬೇಕು ಎಂಬುದನ್ನೂ ಕಲಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 1990ರ ದಶಕದಲ್ಲೇ ಹತ್ತು ಜೀವನ ಕೌಶಲಗಳ ಪಟ್ಟಿ ಮಾಡಿದ್ದಾರೆ: ನಿರ್ಧಾರ ತೆಗೆದುಕೊಳ್ಳುವುದು, ವಿಮರ್ಶೆ ಮಾಡಿ ಯೋಚಿಸುವುದು, ಸರಿಯಾಗಿ ಮಾತಾಡುವುದು, ತನ್ನನ್ನು ತಾನು ತಿಳಿಯುವುದು, ಒತ್ತಡ ತಾಳಿಕೊಳ್ಳುವುದು ಇತ್ಯಾದಿ. ನಾವು ಅದನ್ನು ಒಂದು ದಿನ, ಹಣದ ಪಾಠವನ್ನು ಇನ್ನೊಂದು ದಿನ ಅಂತ ಬೇರೆ ಬೇರೆ ಮಾಡುತ್ತಿದ್ದೆವು. ಎರಡೂ ಒಂದೇ ಪಾಠ.

ಮುಂದೆ ಏನಾಯಿತು ಅಂದರೆ, ಮೊದಲು ತಾಯಿಗೆ ಹೇಳಿದೆವು. ಹುಡುಗಿ ನಮ್ಮ ಸೀರೆಯ ಸೆರಗು ಹಿಡಿದುಕೊಂಡಿದ್ದಳು. ತಾಯಿ ಹೊಡೆಯಲಿಲ್ಲ, ಬೈಯಲಿಲ್ಲ. "ನಿನಗೆ ಎರಡು ಸಾವಿರ ಬೇಕಾಗಿತ್ತು ಅಂತ ನನ್ನ ಹತ್ತಿರ ಯಾಕೆ ಹೇಳಲಿಲ್ಲ?" ಅಂದರು ಅಷ್ಟೆ. ಹುಡುಗಿ, "ನಿನ್ನ ಹತ್ತಿರ ಇದೆಯೋ ಇಲ್ಲವೋ ಅಂತ ನನಗೆ ಹೇಗೆ ಗೊತ್ತು?" ಅಂದಳು. ಆಮೇಲೆ ವಕೀಲರ ಸಲಹೆ ಪಡೆದು, ಪೊಲೀಸ್ ಠಾಣೆಗೆ ತಾಯಿ, ಮಗಳು, ಸಂಘದ ಇಬ್ಬರು, ನಾವು ಹೋಗಿ ನಡೆದದ್ದನ್ನು ಬರೆದು ಕೊಟ್ಟೆವು. ಬೇರೆ ರಾಜ್ಯದ ಪೊಲೀಸರಿಗೆ ಹೇಳಿಕೆ ಹೋಯಿತು. ಸಂಘದಿಂದ ಪರೀಕ್ಷಾ ಶುಲ್ಕಕ್ಕೆ ಸಾಲ ಕೊಟ್ಟರು. ಸಾಲದ ಅರ್ಜಿಗೆ ಈ ಸಲ ಮಗಳೂ ತಾಯಿಯ ಜೊತೆ ಸಹಿ ಹಾಕಿದಳು. ಪರೀಕ್ಷೆ ಬರೆದಳು.

ಆದ್ದರಿಂದ ಈಗ ನಾವು ಪಾಠ ಮಾಡುವ ರೀತಿ ಬದಲಾಗಿದೆ. ನಾಟಕದ ಹಾಗೆ ಮಾಡಿಸುತ್ತೇವೆ. ಒಬ್ಬ ಹುಡುಗ ಖಾತೆ ಕೇಳುವ ಅಣ್ಣ, ಒಬ್ಬಳು ಹುಡುಗಿ ಬೇಡ ಅನ್ನುವವಳು. ಮೊದಲ ಸಲ ಎಲ್ಲರೂ ನಗುತ್ತಾ "ನೋಡ್ತೀನಿ", "ಆಮೇಲೆ ಹೇಳ್ತೀನಿ" ಅಂತಾರೆ. ನಾಲ್ಕನೇ ಸಲಕ್ಕೆ "ಇಲ್ಲ, ಕೊಡೋದಿಲ್ಲ" ಎಂಬ ಮಾತು ಗಟ್ಟಿಯಾಗಿ ಬರುತ್ತದೆ. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಕೊಡಲು ಮಾತ್ರ ಒತ್ತಬೇಕು ಎನ್ನುವುದನ್ನು ಫೋನು ಹಿಡಿದೇ ತೋರಿಸುತ್ತೇವೆ. ಮೋಸವಾದ ಕೂಡಲೇ 1930ಕ್ಕೆ ಫೋನು, ತಡವಾದಷ್ಟೂ ಹಣ ದೂರ ಹೋಗುತ್ತದೆ. ಬ್ಯಾಂಕಿಗೆ ಕರೆದುಕೊಂಡು ಹೋಗಿ ಚಲನ್ ಬರೆಸುತ್ತೇವೆ. ನಗಬೇಡಿ, ಫೋನಿನಲ್ಲಿ ಕ್ಷಣದಲ್ಲಿ ಹಣ ಕಳಿಸುವ ಮಕ್ಕಳಿಗೆ ಬ್ಯಾಂಕಿನ ಕೌಂಟರ್ ಮುಂದೆ ನಿಂತು "ನನ್ನ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ?" ಅಂತ ಕೇಳಲು ಬಾಯಿ ಬರುವುದಿಲ್ಲ. ಆಧಾರ್ ಜೋಡಣೆ ಸರಿಯಿಲ್ಲದೆ ವಿದ್ಯಾರ್ಥಿವೇತನ ಬಾರದೆ ಕೂತವರು ಪ್ರತಿ ವರ್ಷ ಸಿಗುತ್ತಾರೆ. ಶಿಕ್ಷಣ ಸಾಲದ ವಿಷಯವೂ ಹಾಗೆಯೇ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿ ಅಡಮಾನ ಕೇಳುವಂತಿಲ್ಲ. ಇದು ಗೊತ್ತಿಲ್ಲದೆ ತೋಟದ ಪತ್ರ ಹಿಡಿದುಕೊಂಡು ಓಡಾಡಿದ ತಂದೆಯರಿದ್ದಾರೆ. ಎಲೆಚುಕ್ಕಿ ರೋಗ ಬಂದು ಅಡಿಕೆ ಬೆಳೆ ಕೈಕೊಟ್ಟ ವರ್ಷಗಳಲ್ಲಿ ಇಂತಹ ತಿಳುವಳಿಕೆ ಇಲ್ಲದಿದ್ದರೆ ಓದೇ ನಿಲ್ಲುತ್ತದೆ.

ಪದವಿ ಮುಗಿದ ಮೇಲಿನ ಮಾತೂ ಒಂದಿದೆ. ಯುವನಿಧಿ ಯೋಜನೆ ಶುರುವಾದದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12ರಂದು. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ ಮೂರು ಸಾವಿರ, ಎರಡು ವರ್ಷದವರೆಗೆ ಮಾತ್ರ ಎಂದು ಆಗ ಘೋಷಿಸಿದರು. ಆ ಹಣ ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿಬರಲು, ಟೈಪಿಂಗ್ ಕಲಿಯಲು, ಅರ್ಜಿ ಶುಲ್ಕ ಕಟ್ಟಲು ಎಂದು ಬರೆದಿಟ್ಟು ಬಳಸಿದ ಮಕ್ಕಳೂ ಇದ್ದಾರೆ. ಹೊಸ ಮೊಬೈಲಿನ ಕಂತಿಗೆ ಕಟ್ಟಿ, ಎರಡು ವರ್ಷ ಮುಗಿದಾಗ ಏನೂ ಇಲ್ಲದೆ ನಿಂತವರೂ ಇದ್ದಾರೆ.

ಈಗ ನೀವು ಏನು ಮಾಡಬಹುದು? ನಾವು ದೊಡ್ಡ ಕೆಲಸ ಹೇಳುವುದಿಲ್ಲ. ತಿಂಗಳಿಗೆ ಒಂದು ರಾತ್ರಿ, ಊಟ ಆದ ಮೇಲೆ, ಪಾಸ್‌ಪುಸ್ತಕ, ಸಂಘದ ಪುಸ್ತಕ, ಸೊಸೈಟಿಯ ಚೀಟಿ, ಕಂತಿನ ಕಾರ್ಡು ಎಲ್ಲ ಜಗುಲಿ ಮೇಲೆ ಹರಡಿ. ಗಂಡ, ಮಕ್ಕಳು ಎಲ್ಲ ಕೂರಲಿ. ಬಂದದ್ದೆಷ್ಟು, ಕೊಡಬೇಕಾದ್ದೆಷ್ಟು ಅಂತ ಮಗನೋ ಮಗಳೋ ಓದಲಿ. ಮೊದಲ ತಿಂಗಳು ಕಷ್ಟ ಆಗ್ತದೆ. ಕೆಲವು ಸಾಲ ಗಂಡನಿಗೇ ಗೊತ್ತಿರೋದಿಲ್ಲ, ಗಂಡನ ಕೆಲವು ಸಾಲ ನಿಮಗೆ ಗೊತ್ತಿರೋದಿಲ್ಲ! ಮಕ್ಕಳ ಮುಂದೆ ಜಗಳ ಬೇಡ. ಒಂದೇ ಸಲಕ್ಕೆ ಎಲ್ಲ ಹೇಳಬೇಕು ಅಂತಲೂ ಇಲ್ಲ. ಸಣ್ಣ ಮಕ್ಕಳ ಹೆಗಲಿಗೆ ಹಾಕುವ ಭಾರವೂ ಇದಲ್ಲ. ಕಾಲೇಜಿಗೆ ಬಂದವರ ಮಾತು ಮಾತ್ರ ನಾವು ಹೇಳುತ್ತಿರುವುದು.

ಒಬ್ಬರು ಆಗಲೇ ಚೀಟಿಯಲ್ಲಿ ಬರೆದು ಕಳಿಸಿದ್ದಾರೆ: "ಸಾಲ ಗೊತ್ತಾದರೆ ಮಕ್ಕಳು ಓದು ಬಿಟ್ಟು ಕೆಲಸಕ್ಕೆ ಹೋಗ್ತೀನಿ ಅಂದ್ರೆ?" ಹೌದು, ಆ ಭಯ ನಮಗೂ ಇದೆ. ಒಬ್ಬ ಹುಡುಗ ಹಾಗೆ ಅಂದದ್ದೂ ಇದೆ. ಅದಕ್ಕೇ ಸಾಲದ ಜೊತೆಗೆ ತೀರಿಸುವ ದಾರಿಯನ್ನೂ ತೋರಿಸಬೇಕು. ಇಷ್ಟು ಕಂತು ಆಗಿದೆ, ಇಷ್ಟು ಉಳಿದಿದೆ, ನಿನ್ನ ಓದು ಮುಗಿಯುವ ಹೊತ್ತಿಗೆ ಇದು ಮುಗಿಯುತ್ತದೆ ಅಂತ. ಆ ಹುಡುಗನ ಮನೆಯಲ್ಲಿ ಹೀಗೆ ಕೂತು ಮಾತಾಡಿದ ಮೇಲೆ ಅವನು ಓದು ಬಿಡಲಿಲ್ಲ, ಬೈಕು ಕೇಳುವುದನ್ನು ಬಿಟ್ಟ. ಎಲ್ಲ ಮನೆಯಲ್ಲೂ ಹೀಗೇ ಆಗ್ತದೆ ಅಂತ ನಾವು ಮಾತು ಕೊಡುವುದಿಲ್ಲ.

ವಸೂಲಿಯವರ ವಿಷಯವನ್ನೂ ಮಕ್ಕಳಿಗೆ ಹೇಳಿಡಿ. ಕಿರುಸಾಲದ ಕಂತಿಗೆ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ಕಾಟ ಕೊಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ 2022ರಿಂದ ಇದೆ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಕಾನೂನು ಗೊತ್ತಿರುವ ಮಗಳು ಅಂಗಳದಲ್ಲಿ ಅಮ್ಮನ ಪಕ್ಕ ನಿಂತರೆ ಮಾತಿನ ಧಾಟಿಯೇ ಬದಲಾಗುತ್ತದೆ, ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸಾಲ ಕಟ್ಟಬೇಡಿ ಅಂತ ನಾವು ಹೇಳುತ್ತಿಲ್ಲ, ಅದನ್ನು ತಪ್ಪು ತಿಳಿಯಬೇಡಿ.

ಎರಡನೆಯದು, ಸಂಘದ ಸಭೆಗೆ ತಿಂಗಳಿಗೊಮ್ಮೆ ಒಬ್ಬರ ಕಾಲೇಜು ಮಗನನ್ನೋ ಮಗಳನ್ನೋ ಕರೆತನ್ನಿ. ನಡಾವಳಿ ಪುಸ್ತಕ ಅವರು ಬರೆಯಲಿ. ಒಬ್ಬರಿಗೆ ಸಾಲ ಕೊಡಬೇಕೋ ಬೇಡವೋ ಅಂತ ನೀವು ಹೇಗೆ ಚರ್ಚೆ ಮಾಡ್ತೀರಿ, ಕಂತು ತಪ್ಪಿದವರಿಗೆ ಹೇಗೆ ಹೇಳ್ತೀರಿ, ಅದನ್ನು ಕೇಳಿಸಿಕೊಳ್ಳಲಿ. ಯಾವ ಪುಸ್ತಕದಲ್ಲೂ ಸಿಗದ ಪಾಠ ಅದು. ರಿಪ್ಪನ್‌ಪೇಟೆ ಕಡೆಯ ಒಂದು ಸಂಘದವರು ಇದನ್ನು ಶುರು ಮಾಡಿದ್ದಾರೆ. ಅಲ್ಲಿ ಪುಸ್ತಕ ಬರೆಯಲು ಬಂದ ಹುಡುಗ ಮೂರು ವರ್ಷ ಹಿಂದಿನ ಒಂದು ಕೂಡುವ ತಪ್ಪು ಹುಡುಕಿದನಂತೆ, 340 ರೂಪಾಯಿ. ಈಗ ಅದು ಯಾರಿಗೆ ಸೇರಬೇಕು ಅಂತ ಎರಡು ಸಭೆಯಿಂದ ಚರ್ಚೆ ನಡೀತಾ ಇದೆ.

ಆ ಸಾಗರದ ಹುಡುಗಿಯ ಖಾತೆ ಏನಾಯಿತು ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಹತ್ತು ತಿಂಗಳಾಯಿತು, ಇನ್ನೂ ಬಿಡುಗಡೆಯಾಗಿಲ್ಲ. ಅಡಿಕೆ ಸುಲಿದ ಹಣ ಅದರೊಳಗೇ ಇದೆ. ಹೋದ ತಿಂಗಳಿನಿಂದ ಅವಳು ನಮ್ಮ ಜೊತೆ ಕಾಲೇಜುಗಳಿಗೆ ಬರುತ್ತಿದ್ದಾಳೆ. ಖಾತೆ ಕೇಳುವ ಅಣ್ಣನ ಪಾತ್ರವನ್ನು ಅವಳೇ ಮಾಡುತ್ತಾಳೆ, ಬಹಳ ಚೆನ್ನಾಗಿ ಮಾಡುತ್ತಾಳೆ, ಅವನು ಹೇಗೆ ಮಾತಾಡಿದ್ದ ಅಂತ ಅವಳಿಗೆ ಗೊತ್ತಲ್ಲ. ಮುಂದಿನ ವಾರ ತೀರ್ಥಹಳ್ಳಿಗೆ ಹೋಗಬೇಕು. ಬೆಳಿಗ್ಗೆ ಏಳರ ಬಸ್ಸಿಗೆ ತಾಯಿಯೂ ಬರುತ್ತೇನೆ ಅಂದಿದ್ದಾರೆ, ಸಂಘದ ಪುಸ್ತಕ ಹಿಡಿದುಕೊಂಡು.